ನೆಗಡಿಗೆ ಮೂಗು ಕೊಯ್ಯಬೇಡಿ, ಗೋಡೆ ಡೊಂಕಾದರೆ ಹೆದರಬೇಡಿ

ಹಂಪಾಪುರ: ಮೈಸೂರು–ಮಾನಂದವಾಡಿ ರಸ್ತೆಯ ಈ ಹೋಬಳಿ ಕೇಂದ್ರದಲ್ಲಿ ಬೆಳಗಿನ ಬಸ್ಸಿಗೆ ಕಾಯುವವರ ಪೈಕಿ ಒಬ್ಬಿಬ್ಬರಾದರೂ ಮೂಗು ಕಟ್ಟಿಕೊಂಡು, ಬಾಯಲ್ಲಿ ಉಸಿರಾಡುತ್ತಾ ನಿಂತಿರುವುದುಂಟು. ಕೇಳಿದರೆ "ಏನಿಲ್ಲ ಬುಡಣ್ಣ, ನೆಗ್ಡಿ" ಎಂಬ ಒಂದೇ ಉತ್ತರ. ನೆಗಡಿಯೆಂದರೆ ಒಂದು ವಾರ, ಬಹಳವೆಂದರೆ ಹತ್ತು ದಿನ. ವರ್ಷಗಟ್ಟಲೆ ಕಾಡುವುದು ನೆಗಡಿ ಹೇಗಾದೀತು? ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಗಂಟಲು ಒಣಗಿ ತಲೆ ಭಾರ. ಅಂಗಡಿ ಗಲ್ಲಾದ ಮುಂದೆ ಕೂತರೆ ತೂಕಡಿಕೆ!

"ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ" ಎಂಬುದು ಹಿರಿಯರ ಗಾದೆ. ಮೂಗಿನ ಆಪರೇಷನ್ ಎಂದ ಕೂಡಲೇ ಈ ಗಾದೆ ಹೇಳಿ ಎದ್ದು ಹೋಗುವವರೇ ಜಾಸ್ತಿ. ಗಾದೆ ಸುಳ್ಳಲ್ಲ. ಆದರೆ ಕೊಯ್ಯಬಾರದ ಮೂಗು ಯಾವುದು, ಸರಿಪಡಿಸಬೇಕಾದ ಮೂಗು ಯಾವುದು ಎಂದು ತಿಳಿಯದೆ ನರಳುವುದೂ ಜಾಣತನವಲ್ಲ.

ಒಳಗೆ ಏನಿದೆ?

ಮೂಗಿನ ಎರಡು ಹೊಳ್ಳೆಗಳ ನಡುವೆ ಒಂದು ಗೋಡೆಯಿದೆ. ಮುಂಭಾಗ ಮೆತ್ತನೆಯ ಎಲುಬು, ಹಿಂಭಾಗ ಗಟ್ಟಿ ಮೂಳೆ. ಎರಡೂ ಪಕ್ಕದಿಂದ ಮೂರು ಮೂರು ಮಾಂಸದ ಮಡಿಕೆಗಳು ಒಳಕ್ಕೆ ಚಾಚಿರುತ್ತವೆ. ಹೊರಗಿನ ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಹಿಡಿದಿಟ್ಟು ಶ್ವಾಸಕೋಶಕ್ಕೆ ಕಳಿಸುವುದು ಇವುಗಳ ಕೆಲಸ. ಬಾಯಿಗೆ ಈ ಕಸುಬು ಬಾರದು.

ಈ ಮಡಿಕೆಗಳು ಕೆಲವು ಗಂಟೆಗೊಮ್ಮೆ ಒಂದು ಪಕ್ಕ ಊದಿ ಇನ್ನೊಂದು ಪಕ್ಕ ಇಳಿಯುತ್ತವೆ. ಹಳಬರು ಸೂರ್ಯನಾಡಿ, ಚಂದ್ರನಾಡಿ ಎಂದು ಕರೆದದ್ದು ಈ ಅದಲು ಬದಲನ್ನೇ. ಆದ್ದರಿಂದ ಒಮ್ಮೆ ಎಡ, ಒಮ್ಮೆ ಬಲ ಸ್ವಲ್ಪ ಬಿಗಿಯಾದರೆ ಗಾಬರಿ ಬೇಡ. ಯಾವಾಗ ನೋಡಿದರೂ ಒಂದೇ ಹೊಳ್ಳೆ ಕಟ್ಟಿದ್ದರೆ ನಡುಗೋಡೆ ಡೊಂಕಿರುವ ಅನುಮಾನ ಬರಬೇಕು. ಇದನ್ನೇ ನಮ್ಮ ಕಡೆ "ಮೂಗಿನ ಮೂಳೆ ಬೆಳೆದದೆ" ಎನ್ನುತ್ತಾರೆ. ಬೆಳೆದಿರುವುದಕ್ಕಿಂತ ಬಾಗಿರುವುದೇ ಹೆಚ್ಚು. ಹುಟ್ಟುವಾಗಲೇ ಬಾಗಿರಬಹುದು, ಕಬಡ್ಡಿಯಲ್ಲೋ, ಬೈಕಿನಿಂದಲೋ ಬಿದ್ದು ಬಾಗಿರಬಹುದು.

ಹಾಗೆಂದು ಡೊಂಕಿದ್ದವರೆಲ್ಲ ಆಪರೇಷನ್ನಿಗೆ ಓಡಬೇಕಿಲ್ಲ. ನೂಲು ಹಿಡಿದಂತೆ ನೆಟ್ಟಗಿರುವ ನಡುಗೋಡೆ ಅಪರೂಪ. ಉಸಿರಿಗೆ ತೊಂದರೆಯಿಲ್ಲವೆಂದರೆ ಅದರ ಪಾಡಿಗೆ ಅದು.

ಧೂಳಿನ ಕಟ್ಟು ಬೇರೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯೆಂದರೆ ಹೊಗೆಸೊಪ್ಪಿನ ಸೀಮೆ. ಬ್ಯಾರನ್ನಿನಲ್ಲಿ ಹದ ಮಾಡುವಾಗಿನ ಹೊಗೆ, ಒಣಸೊಪ್ಪು ವಿಂಗಡಿಸುವಾಗಿನ ಧೂಳು, ಹತ್ತಿಯ ಎಳೆ, ಕಣದ ಹೊಟ್ಟು ಎಲ್ಲವೂ ಮೂಗಿಗೇ. ಸೀನು, ನವೆ, ನೀರು ಸುರಿಯುವುದು, ಎರಡೂ ಕಡೆ ಕಟ್ಟುವುದು ಬಹುಮಟ್ಟಿಗೆ ಅಲರ್ಜಿಯ ಲಕ್ಷಣ. ಅಲರ್ಜಿಯ ಬೇರನ್ನು ಚಾಕು ಕೀಳಲಾರದು. ಇದಕ್ಕೆ ಮೂಗಿಗೆ ಬಟ್ಟೆ ಕಟ್ಟಿ ಕೆಲಸ ಮಾಡುವುದು, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು, ವೈದ್ಯರು ಬರೆದುಕೊಟ್ಟ ಸ್ಪ್ರೇಯನ್ನು ವಾರಗಟ್ಟಲೆ ತಪ್ಪದೆ ಹಾಕುವುದೇ ದಾರಿ.

ಜೇಬಿನ ಪುಟ್ಟ ಬಾಟಲಿ

ಇನ್ನೊಂದು ಕಟ್ಟು ಔಷಧಿ ಅಂಗಡಿಯಿಂದಲೇ ಬರುತ್ತದೆ. ಕ್ಸೈಲೊಮೆಟಾಜೊಲಿನ್, ಆಕ್ಸಿಮೆಟಾಜೊಲಿನ್ ಎಂಬ ಹೆಸರಿನ ಡ್ರಾಪ್ಸ್ ಹಾಕಿದ ಐದು ನಿಮಿಷಕ್ಕೆ ಮೂಗು ಬಿಟ್ಟುಕೊಳ್ಳುತ್ತದೆ. ಆಹಾ, ಏನು ಸುಖ! ಆದರೆ ಐದಾರು ದಿನ ಮೀರಿ ಹಾಕಿದರೆ ಔಷಧಿಯ ಜೋರು ಇಳಿದ ಕೂಡಲೇ ಮಡಿಕೆಗಳು ಮೊದಲಿಗಿಂತ ಹೆಚ್ಚು ಊದುತ್ತವೆ. ಮತ್ತೆ ಎರಡು ಹನಿ, ಮತ್ತೆ ಊತ. ಕೊನೆಗೆ ದಿಂಬಿನ ಕೆಳಗೆ ಬಾಟಲಿ ಇಲ್ಲದೆ ನಿದ್ದೆಯೇ ಬಾರದು. ಹೀಗೆ ಸಿಕ್ಕಿಬಿದ್ದವರು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಬಾಟಲಿ ಬಿಡಿಸುವುದೇ ಅವರ ಮೊದಲ ಚಿಕಿತ್ಸೆ.

ಆಪರೇಷನ್ ಎಂದರೆ ಇಷ್ಟೇ

ಗೋಡೆ ಡೊಂಕು, ಔಷಧಿಗೂ ಬಗ್ಗಲಿಲ್ಲ, ನಿದ್ದೆ ಕೆಲಸ ಎರಡೂ ಕೆಟ್ಟಿದೆ ಎಂದಾದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು. ಇದಕ್ಕೆ ಸೆಪ್ಟೊಪ್ಲಾಸ್ಟಿ ಎಂದು ಹೆಸರು. ಹೊಳ್ಳೆಯ ಒಳಗಿನಿಂದಲೇ ಪೊರೆಯನ್ನು ಬಿಡಿಸಿ, ಬಾಗಿದ ಭಾಗವನ್ನು ನೆಟ್ಟಗೆ ಮಾಡಿ ಅಥವಾ ಅಷ್ಟನ್ನೇ ತೆಗೆದು, ಪೊರೆಯನ್ನು ಮತ್ತೆ ಮುಚ್ಚುತ್ತಾರೆ. ಮುಖದ ಮೇಲೆ ಗಾಯವಿಲ್ಲ, ಸಾಮಾನ್ಯವಾಗಿ ರೂಪವೂ ಬದಲಾಗದು. ಮದುವೆಯಾಗಬೇಕಾದ ಹೆಣ್ಣುಮಕ್ಕಳ ಮನೆಯವರು ಹೆದರುವುದು ಈ ವಿಷಯಕ್ಕೇ ಆದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಎಳೆಯರಲ್ಲಿ ಮೂಗು ಇನ್ನೂ ಬೆಳೆಯುತ್ತಿರುವುದರಿಂದ ಹದಿನಾರು ಹದಿನೇಳರವರೆಗೆ ಕಾಯುವುದು ವಾಡಿಕೆ.

ಕೆಲಸವಾಗುತ್ತದೆಯೇ? ಬ್ರಿಟನ್ನಿನಲ್ಲಿ 378 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಆರು ತಿಂಗಳು ಸ್ಪ್ರೇ ಕೊಟ್ಟು ನೋಡಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 110 ಅಂಕದ ತೊಂದರೆ ಪಟ್ಟಿಯಲ್ಲಿ ಸ್ಪ್ರೇ ಗುಂಪಿನದು ಸುಮಾರು 40, ಆಪರೇಷನ್ ಗುಂಪಿನದು ಸುಮಾರು 20. ಅಂಕ ಕಡಿಮೆಯಾದಷ್ಟೂ ನೆಮ್ಮದಿ.

ಶ್ರೀರಂಗಪಟ್ಟಣದ ಯುದ್ಧದ ಮೂಗು

ಮೂಗಿನ ಕೆಲಸ ನಮಗೆ ಹೊಸದಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುವ ಕಾವಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರ ಸೆರೆ ಸಿಕ್ಕು ಮೂಗು, ಒಂದು ಕೈ ಕಳೆದುಕೊಂಡನೆಂದು 1794ರ ಅಕ್ಟೋಬರಿನ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಬರೆಯಿತು. ವರ್ಷದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮದಿಂದ ಅವನಿಗೆ ಹೊಸ ಮೂಗು ಕಟ್ಟಿದ. ಹತ್ತನೇ ದಿನ ಹೊಳ್ಳೆಗಳಲ್ಲಿ ಮೆತ್ತನೆಯ ಬಟ್ಟೆ ತುರುಕುತ್ತಿದ್ದರಂತೆ, ದಾರಿ ಮುಚ್ಚದಿರಲೆಂದು! ಅದಕ್ಕೂ ಬಹಳ ಹಿಂದೆ ಸುಶ್ರುತ ಹೊಳ್ಳೆಯಲ್ಲಿ ಕೊಳವೆ ಇಡಬೇಕೆಂದು ಹೇಳಿದ್ದ. ಮೂಗಿಗೆ ರೂಪ ಕೊಟ್ಟರೆ ಸಾಲದು, ಉಸಿರೂ ಆಡಬೇಕೆಂಬ ತಿಳಿವಳಿಕೆ ಅವರಿಗಿತ್ತು.

ಎಚ್ಚರಿಕೆಯ ಮಾತು

ಆಪರೇಷನ್ ಎಂದ ಮೇಲೆ ಅಪಾಯ ಇಲ್ಲವೆನ್ನಲಾಗದು. ರಕ್ತ ಸೋರಬಹುದು, ಕೀವಾಗಬಹುದು, ಗೋಡೆಯಲ್ಲಿ ತೂತಾಗಬಹುದು, ಕೆಲವರಿಗೆ ಮತ್ತೆ ಬಾಗಬಹುದು. ಮಡಿಕೆಗಳನ್ನು ಅತಿಯಾಗಿ ಕತ್ತರಿಸಿದರೆ ಮೂಗು ಒಣಗಿ ಹಕ್ಕಳೆ ಕಟ್ಟಿ ಹೊಸ ಸಂಕಟ ಶುರು. ಅಲರ್ಜಿಯೂ ಇದ್ದವರು ಆಮೇಲೂ ಸ್ಪ್ರೇ ಮುಂದುವರಿಸಬೇಕು. "ದುರ್ಮಾಂಸ ಸುಟ್ಟು ತೆಗೀತೀವಿ, ಒಂದೇ ದಿನ" ಎನ್ನುವ ಬೋರ್ಡಿನವರ ಕೈಗೆ ಮಾತ್ರ ಮೂಗು ಕೊಡಬೇಡಿ.

ಒಂದೇ ಹೊಳ್ಳೆ ಕಟ್ಟಿ ರಕ್ತ ಬರುತ್ತಿದ್ದರೆ ತಡಮಾಡಬಾರದು. ಮಗುವಿನ ಒಂದು ಹೊಳ್ಳೆಯಿಂದ ಮಾತ್ರ ನಾತದ ಸಿಂಬಳ ಬಂದರೆ ಒಳಗೆ ಹುಣಸೆಬೀಜವೋ ಮಣಿಯೋ ಸಿಕ್ಕಿರಬಹುದು. ಮೂಗಿಗೆ ಪೆಟ್ಟು ಬಿದ್ದು ಎರಡೂ ಕಡೆ ಊದಿ ಮುಚ್ಚಿದರೆ ಅಂದೇ ಆಸ್ಪತ್ರೆಗೆ. ಗೋಡೆಯೊಳಗೆ ಕಟ್ಟಿದ ರಕ್ತ ತೆಗೆಯದಿದ್ದರೆ ಮೂಗು ಕುಸಿದುಹೋಗುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಚೀಟಿ ಪಡೆದು ಮೈಸೂರಿನ ಕೆ.ಆರ್. ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಬಹುದು. ರೇಷನ್ ಕಾರ್ಡ್, ಆಧಾರ್ ಮರೆಯಬಾರದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ತಮ್ಮ ಚಿಕಿತ್ಸೆ ಸೇರುತ್ತದೆಯೇ ಎಂದು ದಾಖಲಾಗುವ ಮೊದಲೇ ಕೌಂಟರಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ವೈದ್ಯರಿಗೂ ಮೂರು ಪ್ರಶ್ನೆ ಹಾಕಿ: ನನ್ನ ಕಟ್ಟಿಗೆ ಗೋಡೆ ಕಾರಣವೋ ಅಲರ್ಜಿಯೋ? ಔಷಧಿ ಎಷ್ಟು ದಿನ ನೋಡಬೇಕು? ಮಡಿಕೆಗೂ ಕೈ ಹಾಕುತ್ತೀರಾ?

ಆಪರೇಷನ್ ಆದವರು ಒಂದೆರಡು ದಿನ ಹೊಳ್ಳೆಯಲ್ಲಿ ಬತ್ತಿ ಇಟ್ಟುಕೊಂಡು ಬಾಯಲ್ಲೇ ಉಸಿರಾಡಬೇಕಾಗಬಹುದು. ಒಂದು ವಾರ ಅಂಗಡಿ ಬಾಗಿಲು ಮಗನಿಗೋ ತಮ್ಮನಿಗೋ ಒಪ್ಪಿಸಿ. ಎರಡು ವಾರ ಮೂಟೆ ಎತ್ತಬೇಡಿ, ಮೂಗು ಸೀದಬೇಡಿ, ಧೂಳಿಗೆ ಹೋಗಬೇಡಿ, ಬೀಡಿ ಮುಟ್ಟಬೇಡಿ. ಸೀನು ಬಂದರೆ ಬಾಯಿ ತೆರೆದೇ ಸೀನಿ.