ಗಾಳಿ ನಡೆಸುವ ಶೋಧಕ: ಮೀನುತೊಟ್ಟಿಗೆ ಮನೆಯಲ್ಲೇ ಕಟ್ಟುವ ಸ್ಪಂಜು ಫಿಲ್ಟರ್

ಗಾಜಿನ ತೊಟ್ಟಿಯಲ್ಲಿ ಸಾಕಿದ ಮೀನುಗಳ ಪ್ರಾಣಕ್ಕೆ ಎರವಾಗುವ ಅಮೋನಿಯಾಕ್ಕೆ ಬಣ್ಣವಿಲ್ಲ. ಅದು ಕರಗಿರುವ ನೀರು ತಿಳಿಯಾಗಿಯೇ ಕಾಣುತ್ತದೆ. ಆಹಾರದ ಪ್ರೋಟೀನಿನಿಂದ ದೇಹದಲ್ಲಿ ಹುಟ್ಟುವ ಈ ತ್ಯಾಜ್ಯವನ್ನು ಮೀನುಗಳು ಬಹುಪಾಲು ಕಿವಿರುಗಳ ಮೂಲಕವೇ ಹೊರಹಾಕುತ್ತವೆ. ತಿನ್ನದೆ ಉಳಿದ ಆಹಾರ, ಮಲ, ಕೊಳೆತ ಎಲೆಗಳೂ ಅದರ ಪ್ರಮಾಣವನ್ನು ಹೆಚ್ಚಿಸುತ್ತವೆ. ಕೆರೆ, ಹೊಳೆಗಳ ಅಪಾರ ನೀರಿನಲ್ಲಿ ತೆಳುವಾಗಿ ಹರಡಿಹೋಗುವ ಈ ವಿಷ 60 ಲೀಟರಿನ ತೊಟ್ಟಿಯಲ್ಲಿ ಕೆಲವೇ ದಿನಗಳಲ್ಲಿ ಕಿವಿರುಗಳನ್ನು ಸುಡುವಷ್ಟು ಸೇರಿಕೊಳ್ಳಬಲ್ಲದು, ಮತ್ತು ನೀರಿನ ಉಷ್ಣತೆಯೂ ಕ್ಷಾರಗುಣವೂ ಏರಿದಷ್ಟೂ ಅದರ ತೀಕ್ಷ್ಣತೆ ಏರುತ್ತದೆ. ಇದನ್ನು ನಿವಾರಿಸುವ ಸಾಧನಗಳಲ್ಲಿ ಬಹಳ ಸರಳವಾದದ್ದು ಗಾಳಿಯಿಂದ ನಡೆಯುವ ಸ್ಪಂಜು ಫಿಲ್ಟರ್. ಇದನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಆದರೆ ಕಟ್ಟುವವರು ಅದನ್ನು ಕಸ ಹಿಡಿಯುವ ಜರಡಿ ಎಂದಷ್ಟೇ ಬಗೆಯದೆ, ಜೀವಿಗಳು ನೆಲೆಸುವ ತಾಣವೆಂದು ಅರಿತಿರಬೇಕು.

ಸ್ಪಂಜಿನೊಳಗಿನ ಜೀವಲೋಕ

ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಬದಲಿಸುವ ಕ್ರಿಯೆಗೆ ನೈಟ್ರೀಕರಣ ಎಂದು ಹೆಸರು. ಇದನ್ನು ನಡೆಸುವ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮಜೀವಿವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1890ರಲ್ಲಿ ಜ್ಯೂರಿಕ್‌ನಲ್ಲಿ ಪ್ರತ್ಯೇಕಿಸಿದರು. ಎರಡು ಹಂತಗಳಿಗೂ ಬೇರೆ ಬೇರೆ ಜೀವಿಗಳೇ ಬೇಕೆಂಬ ತಿಳಿವಳಿಕೆ ಬಹುಕಾಲ ಉಳಿದಿದ್ದು, ಎರಡನ್ನೂ ತಾನೊಂದೇ ಪೂರೈಸುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾದ ಇರವು 2015ರಲ್ಲಿ ಬೆಳಕಿಗೆ ಬಂತು. ಆ ಶೋಧಕ್ಕೆ ನೆರವಾದ ಮಾದರಿಗಳಲ್ಲಿ ಒಂದು ಮೀನುಸಾಕಣೆಯ ನೀರನ್ನು ಮರುಬಳಸುವ ವ್ಯವಸ್ಥೆಯ ಫಿಲ್ಟರಿನಿಂದಲೇ ದೊರೆತದ್ದು.

ಈ ಜೀವಿಗಳು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ತೆಳುಪೊರೆಯಾಗಿ ಬೆಳೆಯುತ್ತವೆಯಾದ್ದರಿಂದ, ಸಣ್ಣ ಗಾತ್ರದಲ್ಲೇ ವಿಸ್ತಾರವಾದ ಒಳಮೈ ಇರುವ ಸ್ಪಂಜು ಅವುಗಳಿಗೆ ಒಗ್ಗುತ್ತದೆ. ಅವುಗಳಿಗೆ ಆಕ್ಸಿಜನ್ ಧಾರಾಳವಾಗಿ ಬೇಕು: ಅಮೋನಿಯಾ ರೂಪದಲ್ಲಿರುವ ಒಂದು ಗ್ರಾಂ ನೈಟ್ರೋಜನ್ ಪೂರ್ತಿ ನೈಟ್ರೇಟ್ ಆಗಲು ಸುಮಾರು 4.5 ಗ್ರಾಂ ಆಕ್ಸಿಜನ್ ವ್ಯಯವಾಗುತ್ತದೆ, ಆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲದ್ದು ಸುಮಾರು 8 ಮಿಲಿಗ್ರಾಂ ಮಾತ್ರ. ಹೀಗಾಗಿ ಸ್ಪಂಜಿನ ಮೂಲಕ ನೀರು ಎಡೆಬಿಡದೆ ಹರಿಯುತ್ತಿರಬೇಕು.

ಗುಳ್ಳೆಗಳು ನೀರೆತ್ತುವ ಬಗೆ

ನೀರನ್ನು ಹರಿಸುವ ಕೆಲಸ ಗಾಳಿಗುಳ್ಳೆಗಳದ್ದು. ನಿಲ್ಲಿಸಿದ ಪೈಪಿನೊಳಕ್ಕೆ ತಳಭಾಗದಲ್ಲಿ ಗಾಳಿ ಬಿಟ್ಟಾಗ ಗುಳ್ಳೆ ಬೆರೆತ ಒಳಗಿನ ನೀರು ಹೊರಗಿನ ನೀರಿಗಿಂತ ಹಗುರವಾಗುತ್ತದೆ. ತಕ್ಕಡಿಯ ಭಾರವಾದ ತಟ್ಟೆ ಇಳಿದು ಇನ್ನೊಂದನ್ನು ಮೇಲೆತ್ತುವಂತೆ ಹೊರಗಿನ ನೀರು ಸ್ಪಂಜಿನ ಮೂಲಕ ಪೈಪಿನೊಳಗೆ ನುಗ್ಗಿ ಒಳಗಿನದನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿ ಎಷ್ಟು ಆಳದಲ್ಲಿ ಸೇರುತ್ತದೆಯೋ ಅಷ್ಟು ಹರಿವು ಹೆಚ್ಚುತ್ತದೆ, ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿರುತ್ತದೆಯೋ ಅಷ್ಟು ಹರಿವು ಕುಗ್ಗುತ್ತದೆ.

ಕಟ್ಟುವ ಕ್ರಮಕ್ಕೆ ಈ ನಿಯಮವೇ ಆಧಾರ. ಅರ್ಧ ಇಂಚಿನ ಪಿವಿಸಿ ಪೈಪನ್ನು ತೊಟ್ಟಿಯ ನೀರಿನ ಎತ್ತರಕ್ಕೆ ಕತ್ತರಿಸಿ, ತಳಕ್ಕೆ ಎಂಡ್ ಕ್ಯಾಪ್ ಹಾಕಿ, ಕೆಳಗಿನ 7ರಿಂದ 8 ಸೆಂಟಿಮೀಟರ್ ಉದ್ದಕ್ಕೆ ಸುತ್ತಲೂ 5 ಮಿಲಿಮೀಟರಿನ ರಂಧ್ರಗಳನ್ನು ಕೊರೆಯಬೇಕು. ಆ ಭಾಗವನ್ನು ಪೂರ್ತಿ ಮುಚ್ಚುವಂತೆ, ನಡುವೆ ತೂತು ಮಾಡಿದ ಸ್ಪಂಜನ್ನು ಬಿಗಿಯಾಗಿ ತೊಡಿಸಬೇಕು. ಪಾತ್ರೆ ತೊಳೆಯುವ ಸ್ಪಂಜುಗಳಲ್ಲಿ ಸಾಬೂನಿನ ಅಂಶವೋ ಬ್ಯಾಕ್ಟೀರಿಯಾನಾಶಕವೋ ಇರಬಹುದಾದ್ದರಿಂದ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ, ಕಣ್ಣುಗಳು ತುಸು ದೊಡ್ಡದಾದ ಫಿಲ್ಟರ್ ಸ್ಪಂಜೇ ಲೇಸು. ಸ್ಪಂಜಿನ ಮೇಲಂಚಿಗೆ ತಾಗಿದಂತೆ, ಗಾಳಿಯ ಟ್ಯೂಬಿನ ಹೊರಸುತ್ತಿಗಿಂತ ಕೊಂಚ ಕಿರಿದಾದ ಇನ್ನೊಂದು ರಂಧ್ರ ಕೊರೆದು ಟ್ಯೂಬನ್ನು ಅದರಲ್ಲಿ ತೂರಿಸಬೇಕು. ಪೈಪಿನ ತುದಿಗೆ ಎಲ್ಬೊ ಜೋಡಿಸಿ ಅದರ ಬಾಯಿ ನೀರಿನ ಮಟ್ಟಕ್ಕೆ ಬರುವಂತೆ ಹೊಂದಿಸಿದರೆ, ಹೊರಬರುವ ನೀರು ಮೇಲ್ಮೈಯನ್ನು ಕಲಕಿ ಆಕ್ಸಿಜನ್ ಕರಗಲು ನೆರವಾಗುತ್ತದೆ. ಹೊಸ ಸ್ಪಂಜು ತೇಲುವುದರಿಂದ ತಳಕ್ಕೆ ಗ್ರಾನೈಟ್ ತುಂಡೊಂದನ್ನು ನೈಲಾನ್ ದಾರದಿಂದ ಕಟ್ಟಬಹುದು. ಸುಣ್ಣಕಲ್ಲು ನಿಧಾನವಾಗಿ ಕರಗಿ ನೀರಿನ ಗಡಸುತನವನ್ನು ಹೆಚ್ಚಿಸುವುದರಿಂದ ಅದನ್ನು ಬಳಸಬಾರದು.

ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವನ್ನು ಟ್ಯೂಬಿನ ನಡುವೆ ಅಳವಡಿಸಬೇಕು. ಇಲ್ಲದಿದ್ದರೆ ವಿದ್ಯುತ್ ಹೋದಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪನ್ನು ಹಾಳುಮಾಡೀತು. ವಿದ್ಯುತ್ ಪದೇ ಪದೇ ಕೈಕೊಡುವ ಊರುಗಳಲ್ಲಿ ಬ್ಯಾಟರಿಯ ಏರ್ ಪಂಪ್ ಒಂದಿರುವುದು ಒಳ್ಳೆಯದು, ಏಕೆಂದರೆ ಹರಿವು ಹಲವು ಗಂಟೆ ನಿಂತರೆ ಸ್ಪಂಜಿನೊಳಗಿನ ಜೀವಿಗಳು ಆಕ್ಸಿಜನ್ ಇಲ್ಲದೆ ಸಾಯತೊಡಗುತ್ತವೆ.

ಆರೈಕೆ ಮತ್ತು ಮಿತಿ

ಹರಿವು ಕುಗ್ಗಿದಾಗ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆಯುವ ರೂಢಿ ಅನೇಕ ತೊಟ್ಟಿಗಳ ಮೀನುಗಳಿಗೆ ಮುಳುವಾಗಿದೆ. ನಲ್ಲಿನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆದ್ದರಿಂದ ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಸ್ಪಂಜನ್ನು ನಾಲ್ಕಾರು ಬಾರಿ ಹಿಂಡಿ, ಕಂದುಬಣ್ಣ ಉಳಿದಿದ್ದರೂ ಹಾಗೆಯೇ ಮರಳಿಸಬೇಕು. ಕೊನೆಯಲ್ಲಿ ಉಳಿಯುವ ನೈಟ್ರೇಟನ್ನು ಈ ಫಿಲ್ಟರ್ ತೆಗೆಯಲಾರದು. ಅದಕ್ಕಾಗಿ ವಾರಕ್ಕೊಮ್ಮೆ ಸುಮಾರು ಕಾಲುಭಾಗ ನೀರನ್ನು ಕ್ಲೋರಿನ್ ತೆಗೆದ ಹೊಸ ನೀರಿನಿಂದ ಬದಲಿಸಬೇಕು. ದೊಡ್ಡ ಗೋಲ್ಡ್‌ಫಿಶ್‌ಗಳಂತೆ ಹೆಚ್ಚು ತ್ಯಾಜ್ಯ ಬಿಡುವ ಮೀನುಗಳಿಗೆ ಇಂಥ ಒಂದೇ ಫಿಲ್ಟರ್ ಸಾಲದು. ಆದರೆ ಗಪ್ಪಿ, ಬೆಟ್ಟಾ ಮೀನುಗಳ ಮರಿಗಳನ್ನು ಒಳಕ್ಕೆ ಸೆಳೆದುಕೊಳ್ಳದ ಈ ಮೆಲುಹರಿವಿನ ಸಾಧನವನ್ನೇ ಮರಿಮಾಡಿಸುವವರು ನೆಚ್ಚುತ್ತಾರೆ.

ಹೊಸ ಸ್ಪಂಜಿನಲ್ಲಿ ಬೇಕಾದಷ್ಟು ಬ್ಯಾಕ್ಟೀರಿಯಾ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಆರೋಗ್ಯವಾಗಿರುವ ಹಳೆಯ ತೊಟ್ಟಿಯ ಸ್ಪಂಜನ್ನು ಹೊಸ ತೊಟ್ಟಿಯಲ್ಲಿ ಹಿಂಡಿದರೆ ಈ ಅವಧಿ ಕಡಿಮೆಯಾಗುತ್ತದೆ. ಆದ್ದರಿಂದ ತೊಟ್ಟಿ ತಂದ ದಿನವೇ ಮೀನನ್ನೂ ತರುವುದು ಸಲ್ಲದು. ಮೊದಲು ಫಿಲ್ಟರ್ ಕಟ್ಟಿ, ಚಿಟಿಕೆ ಆಹಾರ ಹಾಕುತ್ತ ಅದನ್ನು ನಡೆಸಿ, ಅಮೋನಿಯಾ ಹುಟ್ಟಿ ಏರಿದ ಮೇಲೆ ಅದೂ ನೈಟ್ರೈಟೂ ಶೂನ್ಯಕ್ಕಿಳಿದದ್ದನ್ನು ಪರೀಕ್ಷಾ ಕಿಟ್‌ನಿಂದ ಖಚಿತಪಡಿಸಿಕೊಂಡು, ಬಳಿಕವಷ್ಟೇ ಒಂದೆರಡು ಮೀನುಗಳನ್ನು ಬಿಡುವುದು ಸಾಕುವವರ ಮೊದಲ ಹೊಣೆ.