ಅಂಗೈ ಮೇಲಿನ ದಂಟು, ಆಕಾಶದ ತೇಜಸ್

ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದಂಥ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಹುಡುಗರಿಗೆ ಜೋಳದ ದಂಟೇ ಆಟದ ಸಾಮಾನು. ಉದ್ದನೆಯ ದಂಟೊಂದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ, ಅದು ವಾಲಿದ ಕಡೆಗೆಲ್ಲ ಕೈ ಸರಿಸುತ್ತ ಓಣಿಯುದ್ದಕ್ಕೂ ನಡೆಯುವ ಹುಡುಗನಿಗೆ, ತಾನು ನಿಯಂತ್ರಣ ತಂತ್ರಜ್ಞಾನದ ಕಠಿಣ ಲೆಕ್ಕವೊಂದನ್ನು ಬಿಡಿಸುತ್ತಿದ್ದೇನೆಂಬ ಅರಿವಿರುವುದಿಲ್ಲ. ಕಣ್ಣು ದಂಟಿನ ತುದಿ ನೋಡುತ್ತದೆ, ಮಿದುಳು ಅಂದಾಜು ಹಾಕುತ್ತದೆ, ಕೈ ಸರಿಯುತ್ತದೆ. ಸರಿದದ್ದರ ಪರಿಣಾಮವನ್ನು ಕಣ್ಣು ಮತ್ತೆ ನೋಡುತ್ತದೆ. ಈ ಸುತ್ತಿಗೆ ತಂತ್ರಜ್ಞರು ಇಟ್ಟ ಹೆಸರು ‘ಫೀಡ್‌ಬ್ಯಾಕ್’. ಎರಡು ಕಾಲಿನ ರೋಬಾಟ್ ಬೀಳದೆ ನಡೆಯುವುದೂ ಇದರಿಂದಲೇ.

ಅದೇ ಹುಡುಗನಿಗೆ ಗೇಣುದ್ದದ ಪೆನ್ಸಿಲ್ ಕೊಟ್ಟು ನೋಡಿ. ನಿಲ್ಲದು! ಕೋಲು ಗಿಡ್ಡವಾದಷ್ಟೂ ಬೇಗ ವಾಲುತ್ತದೆ. ಕಣ್ಣು ಕಂಡು ಕೈ ಸರಿಯಲು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಸಮಯ ಬೇಕು. ಅಷ್ಟರಲ್ಲಿ ಪೆನ್ಸಿಲ್ ಕೈಮೀರಿರುತ್ತದೆ.

ಬೆಂಗಳೂರಿನಲ್ಲಿ ರೂಪುಗೊಂಡ ಹಗುರ ಯುದ್ಧವಿಮಾನ ತೇಜಸ್ ಇಂಥದೇ ಒಂದು ಪೆನ್ಸಿಲ್. ಸಾಮಾನ್ಯ ವಿಮಾನದ ಗುರುತ್ವ ಕೇಂದ್ರ ಮುಂದಿರುತ್ತದೆ, ಗಾಳಿ ಅದನ್ನು ಎತ್ತಿಹಿಡಿಯುವ ಬಿಂದು ಹಿಂದಿರುತ್ತದೆ. ಹೀಗಾಗಿ ಮೂತಿ ಮೇಲೆದ್ದರೂ ತಾನಾಗಿಯೇ ತಗ್ಗುತ್ತದೆ. ತೇಜಸ್‌ನಲ್ಲಿ ಇದನ್ನು ಬೇಕೆಂದೇ ತಿರುವುಮುರುವು ಮಾಡಿದ್ದಾರೆ. ಎದ್ದ ಮೂತಿ ಇನ್ನಷ್ಟು ಏಳುತ್ತದೆ. ಹುಚ್ಚಾಟ ಎನಿಸೀತು. ಆದರೆ ಸ್ಥಿರ ವಿಮಾನ ಮೊಂಡ ಎತ್ತಿನಂತೆ, ಬೇಗ ಹೊರಳಲು ಒಲ್ಲದು. ಅಸ್ಥಿರ ವಿಮಾನ ಚುರುಕು. ಅದನ್ನು ಹಿಡಿದು ನಿಲ್ಲಿಸುವುದು ಪೈಲಟ್ ಅಲ್ಲ, ಕಂಪ್ಯೂಟರ್. ಪೈಲಟ್ ಹಿಡಿದ ಕೋಲಿಗೂ ರೆಕ್ಕೆಯ ಪಟ್ಟಿಗಳಿಗೂ ನಡುವೆ ಇರುವುದು ವಿದ್ಯುತ್ ಸಂಕೇತ ಮಾತ್ರ. ಅದು ಕೆಟ್ಟರೆ ಗತಿಯೇನು? ಅದಕ್ಕೆಂದೇ ನಾಲ್ಕು ಪ್ರತ್ಯೇಕ ಸಾಲುಗಳಿವೆ. ಒಂದು ತಪ್ಪು ಹೇಳಿದರೆ ಉಳಿದ ಮೂರು ಸೇರಿ ಅದನ್ನು ಹೊರಗಿಡುತ್ತವೆ.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಸ್ವೀಡನ್ ಕಂಡಿತ್ತು. ಅದರ ಗ್ರಿಪೆನ್ ಯುದ್ಧವಿಮಾನ 1989ರ ಫೆಬ್ರವರಿಯಲ್ಲಿ ಇಳಿಯುವಾಗ ಓಲಾಡಿ ಉರುಳಿತು. 1993ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜನಜಂಗುಳಿಯ ಹತ್ತಿರವೇ ಇನ್ನೊಂದು ಬಿತ್ತು. ಪೈಲಟ್ ತಿದ್ದಲು ಹೋದಂತೆ ಪಟ್ಟಿಗಳು ತಡವಾಗಿ ಅಲುಗಿ, ತಿದ್ದುವಿಕೆಯೇ ಓಲಾಟವನ್ನು ಹೆಚ್ಚಿಸಿತ್ತು. ಪೆನ್ಸಿಲ್ ಹಿಡಿದ ಹುಡುಗನ ಪಾಡು!

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ತೇಜಸ್‌ನ ನಿಯಂತ್ರಣ ಸೂತ್ರಗಳಿಗೆಂದೇ 1992ರಲ್ಲಿ ಒಂದು ತಂಡ ಕಟ್ಟಲಾಯಿತು. ಮುಂದೆ ಆ ಸಂಸ್ಥೆಯ ನಿರ್ದೇಶಕರಾದ ಶ್ಯಾಂ ಚೆಟ್ಟಿ ಅದರ ಮುಖ್ಯಸ್ಥರು. 1996ರಲ್ಲಿ ಅಮೆರಿಕದ ಎಫ್-16 ವಿಮಾನವೊಂದನ್ನು ತೇಜಸ್‌ನಂತೆ ‘ನಟಿಸುವ’ ಹಾಗೆ ಮಾಡಿ ಈ ಸೂತ್ರಗಳನ್ನು ಹಾರಿಸಿ ನೋಡಿದರು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರಮಾಣು ಪರೀಕ್ಷೆ ನಡೆದದ್ದೇ ತಡ, ಅಮೆರಿಕ ಸಹಕಾರದ ಬಾಗಿಲು ಹಾಕಿತು. ಉಳಿದ ಕೆಲಸ ಇಲ್ಲಿಯೇ ಆಗಬೇಕಾಯಿತು. ನೆಲದ ಮೇಲೆ ‘ಕಬ್ಬಿಣದ ಹಕ್ಕಿ’ ಎಂಬ ಚೌಕಟ್ಟಿಗೆ ವಿಮಾನದ ನಿಜವಾದ ಬಿಡಿಭಾಗಗಳನ್ನೇ ಜೋಡಿಸಿ ಪರೀಕ್ಷಿಸಿದ್ದಾಯಿತು. ಗ್ರಿಪೆನ್ ನೆನಪಿದ್ದವರಿಗೆ ಆ ದಿನಗಳಲ್ಲಿ ನಿದ್ದೆ ಎಲ್ಲಿಂದ ಬಂದೀತು?

2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಬೆಂಗಳೂರಿನಿಂದ ಅದನ್ನು ಮೇಲೇರಿಸಿ 18 ನಿಮಿಷ ಹಾರಿಸಿ ಇಳಿಸಿದರು. 2024ರ ಮಾರ್ಚ್‌ವರೆಗೆ ಒಂದೂ ತೇಜಸ್ ನೆಲಕ್ಕೆ ಬೀಳಲಿಲ್ಲ.

ನೌಕಾಪಡೆಗೆಂದು ಮಾಡಿದ ಮಾದರಿ 2020ರ ಜನವರಿ 11ರಂದು ವಿಕ್ರಮಾದಿತ್ಯ ಹಡಗಿನ ಮೇಲೆ ಇಳಿಯಿತು. ಮೇಲಕ್ಕೆ ಬಾಗಿದ ಹಡಗಿನ ತುದಿಯಿಂದ ಆ ವಿಮಾನ ನೆಗೆಯುವಾಗ ಪೈಲಟ್ ಕೋಲಿನಿಂದ ಕೈ ತೆಗೆದಿರುತ್ತಾರೆ. ಮೂತಿಯನ್ನು ಎಷ್ಟು ಎತ್ತಬೇಕೆಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.