ಗಣಕಶಿಲ್ಪದಲ್ಲಿ ಅಂಚುಗಳು ಸವೆಯುವುದೇಕೆ?

ಗಣಕಯಂತ್ರದ ತೆರೆಯ ಮೇಲೆ ಮೂರ್ತಿ ಕಡೆಯುವ ಕಲಾವಿದರಿಗೆ ಒಂದು ತಲೆನೋವು ಚಿರಪರಿಚಿತ. ಕಿರೀಟದ ಚೂಪಾದ ಅಂಚು, ಕವಚದ ಮೂಲೆ, ತುಟಿಯ ಗೆರೆಗಳನ್ನೆಲ್ಲ ತಿದ್ದಿ ತೀಡಿ, ಇನ್ನಷ್ಟು ಸೂಕ್ಷ್ಮ ಕೆಲಸಕ್ಕೆಂದು ‘ಡಿವೈಡ್’ ಗುಂಡಿ ಒತ್ತಿದೊಡನೆ ಅಂಚುಗಳು ಬಳಸಿದ ಸಾಬೂನಿನಂತೆ ಸವೆದುಹೋಗುತ್ತವೆ. ದಿನಗಟ್ಟಲೆ ಪಟ್ಟ ಶ್ರಮ ಮಸುಕಾಗುತ್ತದೆ. ಇದು ತಂತ್ರಾಂಶದ ದೋಷವೇ? ಅಲ್ಲ. ಅದು ತನಗೆ ಕಲಿಸಿದ ಗಣಿತವನ್ನು ಚಾಚೂ ತಪ್ಪದೆ ಪಾಲಿಸುತ್ತಿರುತ್ತದೆ.

ಗಣಿತದ ಮೂಲ

ಗಣಕಶಿಲ್ಪವೆಂದರೆ ಬಿಂದುಗಳನ್ನು ಜೋಡಿಸಿ ಹೆಣೆದ ಬಲೆ. ಇದಕ್ಕೆ ‘ಮೆಶ್’ ಎಂದು ಹೆಸರು. ಸಬ್‌ಡಿವಿಷನ್ ಎಂದರೆ ಬಲೆಯ ಪ್ರತಿ ಚೌಕವನ್ನೂ ನಾಲ್ಕಾಗಿ ಸೀಳುವುದು. 6 ಮುಖಗಳ ಘನಾಕೃತಿ ಮೊದಲ ಹಂತದಲ್ಲಿ 24, ಎರಡನೆಯದರಲ್ಲಿ 96, ಆರನೆಯದರಲ್ಲಿ 24,576 ಮುಖಗಳನ್ನು ಪಡೆಯುತ್ತದೆ.

ಎಡ್ವಿನ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಅದು ಚೌಕಗಳನ್ನು ಸೀಳುವುದರ ಜೊತೆಗೆ ಪ್ರತಿ ಬಿಂದುವನ್ನೂ ನೆರೆಯ ಬಿಂದುಗಳ ಸರಾಸರಿಯತ್ತ ಎಳೆಯುತ್ತದೆ. ಆದ್ದರಿಂದ ಘನದ ಮೂಲೆಯು ಮೊದಲ ಹಂತದಲ್ಲಿಯೇ ಕೇಂದ್ರದಿಂದ ತನಗಿದ್ದ ದೂರದ 9ರಲ್ಲಿ 5 ಭಾಗಕ್ಕೆ ಕುಗ್ಗುತ್ತದೆ. ಮುಂದಿನ ಹಂತಗಳಲ್ಲಿ ಬಿಂದುಗಳು ಒತ್ತೊತ್ತಾಗುವುದರಿಂದ ಎಳೆತ ಕಡಿಮೆಯಾಗುತ್ತದೆ. ಹೆಚ್ಚಿನ ಹಾನಿ ಆಗುವುದು ಆರಂಭದಲ್ಲಿಯೇ.

ಮುಖ, ಕೈಬೆರಳುಗಳಂಥ ಮೃದು ಆಕಾರಗಳಿಗೆ ಈ ಗುಣ ವರದಾನ. ಪಿಕ್ಸಾರ್ ಸಂಸ್ಥೆಯ 1997ರ ಕಿರುಚಿತ್ರ ‘ಗೆರೀಸ್ ಗೇಮ್’ನ ವೃದ್ಧನ ಮುಖ ಮೂಡಿದ್ದು ಇದೇ ತಂತ್ರದಿಂದ. ಆದರೆ ಆಯುಧ, ಆಭರಣ, ಯಂತ್ರಭಾಗಗಳಿಗೆ ಇದು ಶಾಪ.

ಪದರಗಳ ತೊಡಕು

ಲೇಯರ್ ಅಥವಾ ಪದರವು ಇಡೀ ಆಕಾರವನ್ನಲ್ಲ, ಅದರಲ್ಲಾದ ವ್ಯತ್ಯಾಸವನ್ನಷ್ಟೇ ದಾಖಲಿಸುತ್ತದೆ. ದಾಖಲೆ ನಡೆಯುತ್ತಿರುವಾಗ ‘ಸ್ಮೂತ್’ ಕುಂಚವನ್ನು ಆಡಿಸಿದರೆ ಕೆಳಗಿನ ವಿವರಗಳೂ ಅಳಿಸಿದಂತೆ ಕಾಣುತ್ತವೆ. ಗಾಬರಿ ಬೇಡ, ಆ ಪದರದ ಪ್ರಮಾಣವನ್ನು ಸೊನ್ನೆಗಿಳಿಸಿದರೆ ಅವು ಮರಳುತ್ತವೆ. ಪದರವಿಲ್ಲದೆ ಮೂಲ ಮೆಶ್‌ನ ಮೇಲೆಯೇ ನಯಗೊಳಿಸಿದರೆ ಈ ಸೌಲಭ್ಯವಿಲ್ಲ. ಕೆಳಹಂತಕ್ಕೆ ಇಳಿದು ನಯಗೊಳಿಸಿದರಂತೂ ಒಟ್ಟು ಆಕಾರವೇ ಕರಗುತ್ತದೆ.

ಪರಿಹಾರವೇನು?

* ಝಡ್‌ಬ್ರಷ್‌ನಲ್ಲಿ ‘ಡಿವೈಡ್’ ಪಕ್ಕದ ‘ಎಸ್‌ಎಂಟಿ’ ಗುಂಡಿಯನ್ನು ಆರಿಸಿ ಮೊದಲ ಒಂದೆರಡು ಹಂತಗಳನ್ನು ಸೇರಿಸಬೇಕು. ಬಳಿಕ ಅದನ್ನು ಮತ್ತೆ ಹಚ್ಚಬಹುದು. ಬ್ಲೆಂಡರ್‌ನ ಮಲ್ಟಿರೆಸಲ್ಯೂಷನ್‌ನಲ್ಲಿ ‘ಸಿಂಪಲ್’ ಆಯ್ಕೆ ಇದೇ ಕೆಲಸ ಮಾಡುತ್ತದೆ.

* ಅಂಚು ಉಳಿಯಬೇಕಾದಲ್ಲಿ ‘ಕ್ರೀಸ್’ ಗುರುತು ಹಾಕಬೇಕು, ಇಲ್ಲವೇ ಅಂಚಿನ ಇಕ್ಕೆಲಗಳಲ್ಲಿ ಆಧಾರದ ಗೆರೆಗಳನ್ನು ಸೇರಿಸಬೇಕು.

* ಒಟ್ಟು ಆಕಾರವನ್ನು ಕೆಳಹಂತದಲ್ಲಿ ಮುಗಿಸಿ, ಅಗತ್ಯವಿರುವಷ್ಟು ಹಂತಗಳನ್ನು ಮೊದಲೇ ಸೇರಿಸಿ, ಮೇಲಿನ ಹಂತದಲ್ಲಿಯೇ ಪದರ ತೆರೆದು ಸೂಕ್ಷ್ಮ ವಿವರಗಳಿಗೆ ಕೈಹಾಕಬೇಕು.

* ಝಡ್‌ಬ್ರಷ್‌ನಲ್ಲಿ ನಯಗೊಳಿಸುವ ಮುನ್ನ ‘ಮಾರ್ಫ್ ಟಾರ್ಗೆಟ್’ ಉಳಿಸಿಟ್ಟುಕೊಂಡರೆ, ಸವೆದ ಭಾಗವನ್ನಷ್ಟೇ ‘ಮಾರ್ಫ್’ ಕುಂಚದಿಂದ ಹಿಂದಿನ ರೂಪಕ್ಕೆ ತರಬಹುದು.

ಕಲ್ಲಿನ ಶಿಲ್ಪಿಗೆ ಒಮ್ಮೆ ಮುಕ್ಕಾದ ಅಂಚು ಮರಳಿ ಸಿಗದು. ಗಣಕಶಿಲ್ಪಿಗೆ ಆ ಭಾಗ್ಯವಿದೆ; ಆದರೆ ಮುನ್ನೆಚ್ಚರಿಕೆ ವಹಿಸಿದವನಿಗೆ ಮಾತ್ರ.